ಹಣಕ್ಕೆ ಬೇಲಿ ಹಾಕಿದ ಆಲ್ಫ್ರೆಡ್ ಜೋನ್ಸ್

ಹೊಲಕ್ಕೆ ಬೇಲಿ ಹಾಕುವುದು ರೈತರಿಗೆ ಹೊಸದೇನಲ್ಲ. ಷೇರು ಪೇಟೆಯಲ್ಲಿ ತೊಡಗಿಸಿದ ಹಣಕ್ಕೂ ಬೇಲಿ ಬೇಕೆಂದು ಯೋಚಿಸಿದವರು ಅಮೆರಿಕದ ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್. ಇಂಗ್ಲಿಷಿನಲ್ಲಿ ಹೆಡ್ಜ್ ಎಂದರೆ ಬೇಲಿ. ಹೆಡ್ಜ್ ಫಂಡ್‌ನ ಜನಕ ಎಂದೇ ಇವರು ಪ್ರಸಿದ್ಧರು.

ಜೋನ್ಸ್ 1900ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅಮೆರಿಕನ್ ದಂಪತಿಗೆ ಜನಿಸಿದರು. ನಾಲ್ಕು ವರ್ಷದ ಬಾಲಕನಾಗಿದ್ದಾಗ ಕುಟುಂಬ ಅಮೆರಿಕಕ್ಕೆ ಮರಳಿತು. 1923ರಲ್ಲಿ ಹಾರ್ವರ್ಡ್ ಪದವಿ ಪಡೆದರೂ ಒಂದೇ ಕೆಲಸಕ್ಕೆ ಅಂಟಿಕೊಳ್ಳಲಿಲ್ಲ. ಸರಕು ಹಡಗಿನಲ್ಲಿ ಲೆಕ್ಕಪತ್ರ ನೋಡಿಕೊಂಡು ಲೋಕ ಸುತ್ತಿದರು. 1930ರ ದಶಕದ ಆರಂಭದಲ್ಲಿ ಬರ್ಲಿನ್‌ನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ದುಡಿದರು. ಬಳಿಕ ಸಮಾಜಶಾಸ್ತ್ರ ಓದಿ, ರಬ್ಬರ್ ಕಾರ್ಖಾನೆಗಳ ಊರಾದ ಆಕ್ರನ್‌ನಲ್ಲಿ ಆಸ್ತಿಯ ಬಗ್ಗೆ ಜನರಿಗಿದ್ದ ಭಾವನೆಗಳನ್ನು ಅಧ್ಯಯನ ಮಾಡಿ 1941ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಮುಂದೆ ಫಾರ್ಚೂನ್ ಪತ್ರಿಕೆಗೆ ಬರೆಯತೊಡಗಿದರು. 1949ರಲ್ಲಿ ಷೇರು ಬೆಲೆಯ ಭವಿಷ್ಯ ಹೇಳುವವರ ಬಗ್ಗೆ ಒಂದು ಲೇಖನ ಬರೆಯಬೇಕಾಯಿತು. ಪೇಟೆ ಏರುತ್ತದೋ ಇಳಿಯುತ್ತದೋ ಎಂಬುದನ್ನು ನೆಚ್ಚಿಕೊಳ್ಳದೆ ಲಾಭ ಮಾಡುವ ದಾರಿಯನ್ನು ಅವರು ಹುಡುಕಿದರು. ಅದೇ ವರ್ಷ ನಾಲ್ವರು ಗೆಳೆಯರೊಂದಿಗೆ 1 ಲಕ್ಷ ಡಾಲರ್ ಕೂಡಿಸಿ ಸಂಸ್ಥೆ ತೆರೆದರು. ಅದರಲ್ಲಿ 40,000 ಡಾಲರ್ ಅವರದೇ ಹಣ.

ಅವರ ಉಪಾಯ ಹೀಗಿತ್ತು. ಚೆನ್ನಾಗಿ ಬೆಳೆಯುವ ಕಂಪನಿಗಳ ಷೇರು ಕೊಳ್ಳುವುದು. ಜೊತೆಗೆ, ಸೊರಗುವ ಕಂಪನಿಗಳ ಷೇರುಗಳನ್ನು ಸಾಲವಾಗಿ ತಂದು ಮಾರುವುದು. ಎರಡನೆಯದು ತಿಳಿಯಲು ಶೇಂಗಾ ಮೂಟೆಯ ಉದಾಹರಣೆ ಸಾಕು. ನೆರೆಯವರಿಂದ ಒಂದು ಮೂಟೆ ಕಡ ತಂದು ಇಂದು 3,000 ರೂಪಾಯಿಗೆ ಮಾರಿದಿರಿ ಎನ್ನಿ. ಬೆಲೆ 2,500ಕ್ಕೆ ಇಳಿದಾಗ ಅಂಥದೇ ಮೂಟೆ ಕೊಂಡು ಹಿಂದಿರುಗಿಸಿದರೆ 500 ರೂಪಾಯಿ ನಿಮಗೆ ಉಳಿಯಿತು. ಬೆಲೆ ಏರಿದರೆ ಮಾತ್ರ ಕೈಯಿಂದ ತೆರಬೇಕು. ಪೇಟೆ ಕುಸಿದಾಗ ಕೊಂಡ ಷೇರಿನಲ್ಲಾದ ನಷ್ಟವನ್ನು ಈ ಮಾರಾಟ ತುಂಬಿಕೊಡುತ್ತಿತ್ತು. ಇದೇ ಅವರ ಬೇಲಿ.

ಲಾಭ ಬಂದರೆ ಅದರಲ್ಲಿ ಶೇ. 20 ಜೋನ್ಸ್ ಅವರಿಗೆ ಸೇರುತ್ತಿತ್ತು. ಲಾಭವಿಲ್ಲದಿದ್ದರೆ ಆ ಪಾಲೂ ಇಲ್ಲ.

ಹದಿನೇಳು ವರ್ಷ ಈ ಕೆಲಸ ಹೆಚ್ಚು ಸದ್ದಿಲ್ಲದೆ ನಡೆಯಿತು. 1966ರಲ್ಲಿ ಕ್ಯಾರಲ್ ಲೂಮಿಸ್ ಎಂಬ ಪತ್ರಕರ್ತೆ, ದೊಡ್ಡ ಮ್ಯೂಚುವಲ್ ಫಂಡ್‌ಗಳನ್ನೂ ಜೋನ್ಸ್ ಹಿಂದೆ ಹಾಕಿದ್ದಾರೆಂದು ಫಾರ್ಚೂನ್‌ನಲ್ಲಿ ಬರೆದರು. ಆ ಬಳಿಕ ಹೆಡ್ಜ್ ಫಂಡ್‌ಗಳು ನಾಯಿಕೊಡೆಗಳಂತೆ ಎದ್ದವು.

ಆದರೆ ಪೇಟೆ ಏರುತ್ತಿದ್ದ ದಿನಗಳಲ್ಲಿ ಬೇಲಿಗೆ ದುಡ್ಡು ಹಾಕುವುದು ದಂಡವೆಂದು ಹಲವರಿಗೆ ಕಂಡಿತು. ಸಾಲ ತಂದು ಷೇರು ಕೊಂಡರು, ಬೇಲಿ ಬಿಟ್ಟರು. 1969-70ರಲ್ಲಿ ಪೇಟೆ ಕುಸಿದಾಗ ಅನೇಕ ಫಂಡ್‌ಗಳು ಮುಚ್ಚಿದವು. ಜೋನ್ಸ್ ಅವರ ಸಂಸ್ಥೆಯಲ್ಲೂ ಬೇಲಿ ಸಡಿಲವಾಗಿತ್ತು. ಅಲ್ಲಿಯೂ ದೊಡ್ಡ ನಷ್ಟವಾಯಿತು.

ದುಡ್ಡಿನ ಮಾತಿಗಿಂತ ಬಡತನ ನಿವಾರಣೆಯ ಕೆಲಸದಲ್ಲಿ ಅವರಿಗೆ ಹೆಚ್ಚು ಆಸಕ್ತಿಯಿತ್ತು. 1989ರ ಜೂನ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ಜಗತ್ತಿನಲ್ಲಿ ಸಾವಿರಾರು ಹೆಡ್ಜ್ ಫಂಡ್‌ಗಳಿವೆ. ಶೇ. 20ರ ಪಾಲನ್ನು ಕೇಳಲು ಮರೆತವರು ಕಡಿಮೆ. ಬೇಲಿಯನ್ನು ಮರೆತವರು ಬಹಳ.