ಮೊಲ ತರಿಸಿದ ಥಾಮಸ್ ಆಸ್ಟಿನ್

ಥಾಮಸ್ ಆಸ್ಟಿನ್ 1815ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಹುಡುಗರಾಗಿದ್ದಾಗಲೇ ಆಸ್ಟ್ರೇಲಿಯಾ ಕಡೆಗೆ ಹೋಗಿ, ಕುರಿ ಸಾಕಿ ದೊಡ್ಡ ಶ್ರೀಮಂತರಾದರು. ಅವರಿಗೆ ಬೇಟೆ ಅಂದ್ರೆ ಬಹಳ ಇಷ್ಟ. ಅದಕ್ಕೆ 1859ರಲ್ಲಿ ಇಂಗ್ಲೆಂಡಿನಿಂದ 24 ಮೊಲ ತರಿಸಿಕೊಂಡರು. ಅಲ್ಲಿ ಹುಲ್ಲು ಬೇಕಾದಷ್ಟಿತ್ತು, ಹವೆಯೂ ಒಗ್ಗಿತು. ಮೊಲ ವರ್ಷಕ್ಕೆ ಹಲವು ಸಲ ಮರಿ ಹಾಕುತ್ತೆ. ಅವು ದೇಶದ ಬಹುಭಾಗಕ್ಕೆ ಹರಡಿ, ಬೆಳೆಯನ್ನೂ ಕುರಿಗಳ ಮೇವನ್ನೂ ತಿಂದುಹಾಕಿದವು. ಆಸ್ಟಿನ್ 1871ರಲ್ಲಿ ತೀರಿಕೊಂಡರು, ಮೊಲಗಳು ಉಳಿದವು. 1907ರಲ್ಲಿ 1,800 ಕಿಲೋಮೀಟರಿಗೂ ಉದ್ದದ ಬೇಲಿ ಮುಗಿಯುವಷ್ಟರಲ್ಲಿ ಅವು ಆಚೆಗೂ ದಾಟಿದ್ದವು.

ಈಗ ಆ ದೇಶಕ್ಕೆ ಹೊರಗಿನ ಪ್ರಾಣಿ ತರುವ ಮುಂಚೆ ವಿಜ್ಞಾನಿಗಳು ಪರೀಕ್ಷಿಸುತ್ತಾರೆ. ಇಲ್ಲಿಯ ಹವೆ ಅದಕ್ಕೆ ಒಗ್ಗುತ್ತಾ? ಬೇರೆ ದೇಶದಲ್ಲಿ ಹರಡಿದೆಯಾ? ಏನು ಹಾನಿ ಮಾಡುತ್ತೆ? ಗೆಳೆಯರೇ, ಆಗಲೇ ಇದನ್ನು ಕೇಳಿದ್ದರೆ ಆ 24 ಮೊಲಗಳು ಹಡಗನ್ನೇ ಹತ್ತುತ್ತಿರಲಿಲ್ಲ.