ಮುಚ್ಚಿದ ಲಕೋಟೆಯ ಹಿಂದಿನ ಮನುಷ್ಯ

ಚೆನ್ನೈಗೆ ಬಂದ ಹೊಸದರಲ್ಲಿ, ಚೇತ್‌ಪಟ್‌ನ ಕ್ಷಯರೋಗ ಸಂಶೋಧನಾ ಸಂಸ್ಥೆಯ ಮುಂದೆ ಬಸ್ಸು ಹಾದುಹೋದಾಗಲೆಲ್ಲ ನನಗೆ ಅಜ್ಜಿಯ ನೆನಪಾಗುತ್ತಿತ್ತು. ಅಜ್ಜಿಯ ತಮ್ಮ ಹರೆಯದಲ್ಲೇ ಕ್ಷಯಕ್ಕೆ ತುತ್ತಾದವರು. ಆಗ ಅದಕ್ಕೆ ಮದ್ದೇ ಇರಲಿಲ್ಲವೆಂದು ಅಜ್ಜಿ ಕೊನೆಯವರೆಗೂ ಕೊರಗಿದರು. ಆ ಮದ್ದಿನ ಕಥೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್.

1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹಿಲ್‌ಗೆ ವೈದ್ಯನಾಗುವ ಆಸೆಯಿತ್ತು. ಮೊದಲ ಮಹಾಯುದ್ಧಕ್ಕೆ ಹೋದವರು ಕ್ಷಯ ಹತ್ತಿಸಿಕೊಂಡು ಮರಳಿ, ವರ್ಷಗಟ್ಟಲೆ ಹಾಸಿಗೆ ಹಿಡಿದರು. ವೈದ್ಯಕೀಯ ಕೈತಪ್ಪಿತು. ಮಲಗಿದಲ್ಲೇ ಅಂಚೆ ಮೂಲಕ ಅರ್ಥಶಾಸ್ತ್ರ ಓದಿ, ಮುಂದೆ ವೈದ್ಯಕೀಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾದರು.

1947ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಪರೀಕ್ಷೆ ಶುರುವಾಯಿತು. ಮದ್ದು ಇದ್ದದ್ದೇ ಸ್ವಲ್ಪ, ಎಲ್ಲರಿಗೂ ಸಾಲದು. ಯಾರಿಗೆ ಕೊಡುವುದು? ಒಬ್ಬರಿಗೆ ಬಿಟ್ಟು ಒಬ್ಬರಿಗೆ ಎಂದರೆ ಮುಂದಿನ ಸರದಿ ಯಾವುದೆಂದು ವೈದ್ಯರಿಗೆ ಮೊದಲೇ ಗೊತ್ತಾಗುತ್ತದೆ. ಎಳೆಯ ಮುಖವೊಂದನ್ನು ಕಂಡು ಕರುಳು ಚುರ್ರೆಂದರೆ ಅವರನ್ನು ಮದ್ದಿನ ಸರದಿಗೇ ತಂದುಬಿಡಬಹುದು. ಆಗ ಗುಣ ಮಾಡಿದ್ದು ಮದ್ದೋ, ಆಯ್ಕೆಯೋ ತಿಳಿಯುವುದಿಲ್ಲ. ಕೆಟ್ಟತನಕ್ಕಿಂತ ಒಳ್ಳೆಯತನವೇ ಇಲ್ಲಿ ಅಡ್ಡಿ!

ಹಿಲ್ ಗೊತ್ತುಗುರಿಯಿಲ್ಲದ ಅಂಕಿಗಳಿಂದ ಪಟ್ಟಿ ಮಾಡಿ, ಒಂದೊಂದು ನಿರ್ಧಾರವನ್ನೂ ಲಕೋಟೆಯಲ್ಲಿಟ್ಟು ಮುಚ್ಚಿಸಿದರು. ಮೇಲೆ ಆಸ್ಪತ್ರೆಯ ಹೆಸರು, ಒಂದು ಸಂಖ್ಯೆ ಅಷ್ಟೇ. ರೋಗಿಯನ್ನು ಪರೀಕ್ಷೆಗೆ ಸೇರಿಸಿಕೊಳ್ಳುವುದು ತೀರ್ಮಾನವಾದ ಮೇಲೆಯೇ ಅದನ್ನು ಒಡೆಯಬೇಕು. ಎಕ್ಸ್‌ರೇ ನೋಡಿದ ತಜ್ಞರಿಗೂ ಅದು ಯಾವ ಗುಂಪಿನವರದೆಂದು ತಿಳಿಸಲಿಲ್ಲ.

ಮದ್ದು ಸಿಕ್ಕವರು 55 ಮಂದಿ. ಬರೀ ವಿಶ್ರಾಂತಿ ಸಿಕ್ಕವರು 52. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು.

ಆ 14ನ್ನು ಓದಿ ನನಗೆ ಸಿಟ್ಟೇ ಬಂದಿತ್ತು. ತಾವು ಹೋಲಿಕೆಯ ಗುಂಪಿನಲ್ಲಿದ್ದೇವೆಂಬುದೂ ಅವರಿಗೆ ಗೊತ್ತಿರಲಿಲ್ಲ. ಇಂದಾದರೆ ರೋಗಿಗೆ ವಿವರಿಸಿ, ಒಪ್ಪಿಗೆ ಪಡೆಯಲೇಬೇಕು. ಅಜ್ಜಿಯ ತಮ್ಮ ಅಲ್ಲಿದ್ದಿದ್ದರೆ, ಲಕೋಟೆಯ ಕೆಲಸ ನನ್ನ ಕೈಯಲ್ಲಿದ್ದಿದ್ದರೆ, ಕದ್ದು ನೋಡದೆ ಬಿಡುತ್ತಿದ್ದೆನೇ? ಖಂಡಿತ ಇಲ್ಲ. ಲಕೋಟೆ ಮುಚ್ಚಿದ್ದು ನನ್ನಂಥವರಿಗಾಗಿಯೇ ಎಂದು ಆಮೇಲೆ ಹೊಳೆಯಿತು. ಆ ನೋವನ್ನು ಸ್ವತಃ ಉಂಡಿದ್ದ ಹಿಲ್, ಕರುಣೆಯ ಕಣ್ಣಿಗೇ ಬಟ್ಟೆ ಕಟ್ಟಿದರು.

1956ರಲ್ಲಿ ಇದೇ ಚೆನ್ನೈನಲ್ಲಿ, ಇದೇ ಸಂಸ್ಥೆ ಕ್ಷಯರೋಗಿಗಳನ್ನು ಹೀಗೆಯೇ ಯಾರ ಇಷ್ಟಕ್ಕೂ ಬಿಡದೆ ಎರಡು ಗುಂಪು ಮಾಡಿತು. ಮನೆಯಲ್ಲಿದ್ದು ಮದ್ದು ತೆಗೆದುಕೊಂಡವರೂ ಸ್ಯಾನಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾದರೆಂದು ತೋರಿಸಿತು. ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ದೂರವಿರುವ ಕಷ್ಟ ಎಷ್ಟು ತಾಯಂದಿರಿಗೆ ತಪ್ಪಿತೋ!

ಹಿಲ್ 1991ರಲ್ಲಿ ತೀರಿಕೊಂಡರು. ವೈದ್ಯರಾಗದೆಯೇ ಅವರು ಉಳಿಸಿದ ಜೀವಗಳನ್ನು ಎಣಿಸಿದವರಿಲ್ಲ. ಈಗ ಆ ಬಸ್ ಸ್ಟಾಪ್ ಬಂದಾಗ ಅಜ್ಜಿಯ ಜೊತೆಗೆ ಅವರನ್ನೂ ನೆನೆಯುತ್ತೇನೆ.