ಏಳೂವರೆ ಅಡಿಯ ಆನ್ನಾ ಸ್ವಾನ್

ಸರ್ಕಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರಿನ ಮೈದಾನದ ಡೇರೆ, ಜೋಕರ್, ಉಯ್ಯಾಲೆಯಾಟ. ಇವೊಂದೂ ಇಲ್ಲದೆ, ಸುಮ್ಮನೆ ಎದ್ದು ನಿಂತು ಜನರನ್ನು ಬೆರಗುಗೊಳಿಸಿದ ಹೆಣ್ಣುಮಗಳು ಆನ್ನಾ ಸ್ವಾನ್. ವೈದ್ಯರಾದ ನಮಗೆ ಆಕೆಯ ಪರಿಚಯವಾದದ್ದು ಮಾತ್ರ ಹೆರಿಗೆಯ ದಾಖಲೆಗಳಿಂದ.

1846ರ ಆಗಸ್ಟ್ 6ರಂದು ಇಂದಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಆನ್ನಾ ಜನಿಸಿದಳು. ತಂದೆತಾಯಿಯರದು ಸಾಧಾರಣ ಎತ್ತರ. ಶಿಕ್ಷಕಿಯಾಗಬೇಕೆಂಬ ಆಸೆಯಿಂದ ಟ್ರೂರೋ ಪಟ್ಟಣದ ತರಬೇತಿ ಶಾಲೆ ಸೇರಿದಳು. ನೋಡುವವರ ಕಣ್ಣಿಗೆ ಬೇಸತ್ತು ಮನೆಗೆ ಮರಳಿದಳು. ಅಷ್ಟರಲ್ಲಿ ಪಿ. ಟಿ. ಬಾರ್ನಮ್‌ನ ಕಡೆಯವರು ಹುಡುಕಿಕೊಂಡು ಬಂದರು. ಹೇಗೂ ನೋಡುತ್ತಾರೆ, ಹಣ ಕೊಟ್ಟೇ ನೋಡಲಿ ಎನ್ನಿಸಿರಬೇಕು. ನ್ಯೂಯಾರ್ಕಿನ ಅವನ ಮ್ಯೂಸಿಯಂಗೆ ತಾಯಿಯೊಡನೆ ಹೋದ ಆನ್ನಾ, ಓದು ಬಿಡದಂತೆ ಪಾಠದ ಏರ್ಪಾಡನ್ನೂ ಮಾಡಿಸಿಕೊಂಡಳು. 1865ರ ಜುಲೈಯಲ್ಲಿ ಆ ಮ್ಯೂಸಿಯಂ ಸುಟ್ಟು ಹೋದಾಗ ಆಕೆಯ ಉಳಿತಾಯವೂ ಬೂದಿಯಾಯಿತು. ಭಾರ ಎತ್ತುವ ಯಂತ್ರ ತಂದು ಆಕೆಯನ್ನು ಕೆಳಗಿಳಿಸಿದರೆಂದು ಪತ್ರಿಕೆಗಳು ಬರೆದವು. ಅಂದಿನ ಪತ್ರಿಕೆಗಳಿಗೆ ಒಗ್ಗರಣೆಯ ಚಟವಿತ್ತೆಂಬುದನ್ನೂ ಮರೆಯಬಾರದು.

ಮಾರ್ಟಿನ್ ಬೇಟ್ಸ್ ಕೆಂಟಕಿಯವನು. ಮೊದಲು ಶಾಲಾ ಮಾಸ್ತರ, ಅನಂತರ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ಕ್ಯಾಪ್ಟನ್. ಜಾಹೀರಾತುಗಳು ಇಬ್ಬರನ್ನೂ ಎಂಟಡಿಯ ಹತ್ತಿರಕ್ಕೆ ಏರಿಸುತ್ತಿದ್ದವು. ಗಿನ್ನೆಸ್ ಲೆಕ್ಕದಲ್ಲಿ ಈ ದಂಪತಿಗಳ ಎತ್ತರ ಸುಮಾರು ಏಳೂವರೆ ಅಡಿ ಮತ್ತು ಏಳು ಅಡಿ ಎರಡೂವರೆ ಅಂಗುಲ, ಗಂಡನೇ ಗಿಡ್ಡ! ಒಂದೇ ತಂಡದಲ್ಲಿ ಯುರೋಪಿಗೆ ಹೊರಟವರು 1871ರ ಜೂನ್ 17ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಚರ್ಚಿನಲ್ಲಿ ಮದುವೆಯಾದರು. ವಿಕ್ಟೋರಿಯಾ ರಾಣಿಯಿಂದ ಉಡುಗೊರೆ ಬಂತು. ಪ್ರಚಾರಕ್ಕಾಗಿ ಕೂಡಿಸಿದ ಜೋಡಿಯೆಂದು ಯಾರಾದರೂ ಶಂಕಿಸಬಹುದು. ಆದರೆ ಅವರು ಒಹಾಯೋದ ಸೆವಿಲ್ ಎಂಬ ಸಣ್ಣ ಊರಿನಲ್ಲಿ ಜಮೀನು ಕೊಂಡು, ಹದಿನಾಲ್ಕು ಅಡಿ ಎತ್ತರದ ಮಾಳಿಗೆ, ಎಂಟೂವರೆ ಅಡಿಯ ಬಾಗಿಲುಗಳಿರುವ ಮನೆ ಕಟ್ಟಿಸಿದರು. ಅಲ್ಲಿ ಅತಿಥಿಗಳೇ ಕುರ್ಚಿ ಹತ್ತಬೇಕಾಗಿತ್ತು. ಆನ್ನಾ ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸಿದಳು.

ಸ್ವಂತ ಮಕ್ಕಳು ಮಾತ್ರ ಉಳಿಯಲಿಲ್ಲ. 1872ರ ಮೇಯಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೆಣ್ಣುಮಗು, ಸುಮಾರು ಎಂಟು ಕಿಲೋ, ಹುಟ್ಟುವಾಗಲೇ ಜೀವವಿರಲಿಲ್ಲ. 1879ರ ಜನವರಿಯ ಎರಡನೆಯ ಹೆರಿಗೆಯನ್ನು ಡಾ. ಬೀಚ್ ವರದಿ ಮಾಡಿದ್ದಾರೆ. ನಾವು ನಾಲ್ಕು ಕಿಲೋ ದಾಟಿದ ಮಗುವನ್ನೇ ದೊಡ್ಡದೆಂದು ಎಚ್ಚರ ವಹಿಸುತ್ತೇವೆ. ಇದು ಹತ್ತು ಕಿಲೋ! ಫೋರ್ಸೆಪ್ಸ್ ಹಿಡಿಯಲಿಲ್ಲ, ತಲೆ ಬಂದರೂ ಭುಜ ಸಿಕ್ಕಿಕೊಂಡಿತು. ಇನ್ನೊಬ್ಬ ವೈದ್ಯರನ್ನು ಕರೆಸಿ, ಕುತ್ತಿಗೆಗೆ ಬಟ್ಟೆಯ ಪಟ್ಟಿ ಹಾಕಿ ಎಳೆದು ಹೊರತೆಗೆಯಬೇಕಾಯಿತು. ಸಿಸೇರಿಯನ್ ಎಂದರೆ ತಾಯಿಯ ಆಸೆ ಬಿಡಬೇಕಾಗಿದ್ದ ಕಾಲವದು. ಗಂಡುಮಗು ಹನ್ನೊಂದು ಗಂಟೆ ಬದುಕಿತ್ತು. ಅಷ್ಟು ಭಾರದ ನವಜಾತ ಶಿಶು ದಾಖಲೆಯಲ್ಲಿ ಇನ್ನೊಂದಿಲ್ಲ. ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಬೆಳೆದವರಿಗೆ ಗರ್ಭ ನಿಲ್ಲುವುದು ಕಷ್ಟ; ಎರಡು ಬಾರಿ ಗರ್ಭಿಣಿಯಾದ ಆನ್ನಾಳ ಎತ್ತರಕ್ಕೆ ಕಾರಣ ಬೇರೆಯೇ ಇದ್ದೀತೆಂಬುದು ನಮ್ಮ ಅನಿಸಿಕೆ.

ಕೋಲ್ ಸರ್ಕಸ್ಸಿನೊಡನೆ 1880ರವರೆಗೆ ತಿರುಗಿ, ದಂಪತಿಗಳು ಮನೆ ಸೇರಿದರು. 42 ತುಂಬಲು ಒಂದು ದಿನವಿದ್ದಾಗ, 1888ರ ಆಗಸ್ಟ್ 5ರಂದು ಆನ್ನಾ ತೀರಿಕೊಂಡಳು. ಶವಪೆಟ್ಟಿಗೆಯ ಅಳತೆ ಕಳುಹಿಸಿದರೆ, ತಯಾರಕರು ಅದನ್ನು ಬರೆದವರ ತಪ್ಪೆಂದು ತಿಳಿದು ಸಾಮಾನ್ಯ ಗಾತ್ರದ್ದನ್ನೇ ಕಳುಹಿಸಿದರಂತೆ. ಮಾರ್ಟಿನ್ ತನ್ನ ಪೆಟ್ಟಿಗೆಯನ್ನು ಅಂದೇ ಮಾಡಿಸಿಟ್ಟುಕೊಂಡನೆಂದು ಊರವರು ಹೇಳುತ್ತಾರೆ. ಹೆಂಡತಿಯ ಸಮಾಧಿಯ ಮೇಲೆ ಪ್ರತಿಮೆ ನಿಲ್ಲಿಸಿದ. ವರ್ಷಗಳ ನಂತರ ಸಾಧಾರಣ ಎತ್ತರದ ಹೆಣ್ಣೊಬ್ಬಳನ್ನು ಮದುವೆಯಾದ. 1919ರಲ್ಲಿ ಸತ್ತಾಗ ಅವನನ್ನು ಮಣ್ಣು ಮಾಡಿದ್ದು ಸೆವಿಲ್ಲಿನಲ್ಲೇ, ಆನ್ನಾ ಮತ್ತು ಆ ಹನ್ನೊಂದು ಗಂಟೆಯ ಮಗನ ಪಕ್ಕದಲ್ಲಿ.